ಬೆಟ್ಟ ಹತ್ತುವ ಮುನ್ನ ಕಲಿಯಬೇಕಾದ ಅಳತೆ

ಮಳೆಗಾಲ ಮುಗಿದು, ಘಟ್ಟದ ನೆತ್ತಿಯ ಮೇಲಿನ ಮೋಡ ಸರಿದು, ಹುಲ್ಲುಗಾವಲುಗಳು ಹಸುರಿನಿಂದ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ನಮ್ಮ ಯುವಜನರಲ್ಲಿ ಒಂದು ಬಗೆಯ ಚಡಪಡಿಕೆ ಆರಂಭವಾಗುತ್ತದೆ. ಕರಾವಳಿಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದವರಿಗೆ ನೀಲಿ ಗೋಡೆಯಂತೆ ಕಾಣುವ ಸಹ್ಯಾದ್ರಿಯು ಬಾ ಎಂದು ಕರೆಯುತ್ತದೆ. ಈ ಕರೆಗೆ ಓಗೊಡುವುದು ಆರೋಗ್ಯಕರವಾದ ಹಂಬಲವೇ ಸರಿ. ದಿನವಿಡೀ ಪರದೆಯ ಮುಂದೆ ಕುಳಿತು ದುಡಿಯುವ ಒಂದು ಪೀಳಿಗೆ ತನ್ನ ಕಾಲುಗಳನ್ನು ನೆನಪಿಸಿಕೊಂಡರೆ ಅದಕ್ಕಾಗಿ ಹಿರಿಯರಾದ ನಾವು ಸಂತೋಷಪಡಬೇಕು. ಆದರೆ ಕರೆಯನ್ನು ಕೇಳಿಸಿಕೊಳ್ಳುವುದು ಬೇರೆ, ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುವುದು ಬೇರೆ.

2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ನೆರೆದಿದ್ದ ಚಿತ್ರಗಳನ್ನು ನಾಡು ಕಂಡಿತು. ಸರಕಾರವು ಆನ್‌ಲೈನ್ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ಜನಸಂದಣಿಯಲ್ಲಿ ಎಷ್ಟೋ ಮಂದಿಗೆ ಅದು ಜೀವನದ ಮೊದಲ ಚಾರಣವಾಗಿದ್ದಿರಬಹುದು. ನಾಡಿನ ಅತ್ಯಂತ ಕಠಿಣ ಹಾದಿಗಳಲ್ಲಿ ಒಂದನ್ನು ಮೊದಲ ಪಾಠವಾಗಿ ಆರಿಸಿಕೊಳ್ಳುವುದು ಅಕ್ಷರಾಭ್ಯಾಸದ ದಿನವೇ ಮಹಾಕಾವ್ಯಕ್ಕೆ ಕೈಹಾಕಿದಂತೆ.

'ಫಾದರ್, ನಾವು ಚಾರಣ ಹೋಗಬೇಕೆಂದಿದ್ದೇವೆ, ಎಲ್ಲಿಂದ ಆರಂಭಿಸೋಣ?' ಎಂದು ಯುವಕ ಯುವತಿಯರು ಆಗಾಗ ಕೇಳುವುದುಂಟು. ಯಾವ ಶಿಖರ, ಯಾವ ಬೂಟು, ಯಾವ ಚೀಲ ಎಂಬ ಉತ್ತರವನ್ನು ಅವರು ನಿರೀಕ್ಷಿಸುತ್ತಾರೆ. ಅವೆಲ್ಲಕ್ಕಿಂತ ಮೊದಲು ಕಲಿಯಬೇಕಾದುದು ಅಳತೆಯನ್ನು: ತನ್ನ ದೇಹದ ಅಳತೆ, ವೇಳೆಯ ಅಳತೆ, ಹೊರೆಯ ಅಳತೆ. ಈ ಮೂರನ್ನು ಬಲ್ಲವರಿಗೆ ಬೆಟ್ಟವು ಗುರುವಾಗುತ್ತದೆ. ಅರಿಯದವರ ಪಾಲಿಗೆ ಅದು ಎಂತಹ ಪರೀಕ್ಷೆಯಾದೀತೆಂದು ಹೇಳುವುದು ಕಷ್ಟ.

ದೇಹದ ಅಳತೆ

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಸದ್ಗುಣವನ್ನು ಎರಡು ಅತಿಗಳ ನಡುವಿನ ಮಧ್ಯಮಮಾರ್ಗವೆಂದು ವಿವರಿಸುವಾಗ ಒಂದು ಸೊಗಸಾದ ಉದಾಹರಣೆಯನ್ನು ಕೊಡುತ್ತಾನೆ. ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದಾದಮಾತ್ರಕ್ಕೆ ಆರು ಪಾಲು ಎಲ್ಲರಿಗೂ ಸರಿಯೆಂದು ಹೇಳಲಾಗದು. ಮಿಲೋ ಎಂಬ ಹೆಸರಾಂತ ಮಲ್ಲನಿಗೆ ಅದು ಸಾಲದು. ಅಂಗಸಾಧನೆಗೆ ಹೊಸದಾಗಿ ಇಳಿದವನಿಗೆ ಅದೇ ಅತಿಯಾದೀತು. ಮಧ್ಯಮವೆಂಬುದು ಗಣಿತದ ನಡುಬಿಂದುವಲ್ಲ, ಅದು ಆಯಾ ವ್ಯಕ್ತಿಗೆ ತಕ್ಕದ್ದು ಎಂಬುದು ಅವನ ಅಭಿಪ್ರಾಯ. ಚಾರಣಕ್ಕೆ ಇದಕ್ಕಿಂತ ಹೊಂದುವ ಸೂತ್ರವನ್ನು ನಾನು ಕಾಣೆ. ಗೆಳೆಯನು ಒಂದೇ ದಿನದಲ್ಲಿ ಏರಿ ಇಳಿದ ಬೆಟ್ಟವು ನನಗೂ ಒಂದೇ ದಿನದ್ದಾಗಬೇಕಿಲ್ಲ.

ಆದುದರಿಂದ ಮೊದಲ ಚಾರಣಕ್ಕೆ ಕನಿಷ್ಠ ಆರು ವಾರ ಮೊದಲೇ ನಡಿಗೆ ಆರಂಭವಾಗಲಿ. ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆಯ ಬಿರುಸಾದ ನಡಿಗೆ, ಒಂದು ದಿನ ಎರಡು ಮೂರು ಗಂಟೆಗಳ ದೀರ್ಘ ನಡಿಗೆ, ಎರಡು ದಿನ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಸಾಕು. ಕೊನೆಯ ಎರಡು ವಾರ ಬೆನ್ನಿನ ಮೇಲೆ ನಾಲ್ಕೈದು ಕಿಲೋ ಭಾರವಿರಲಿ. ಇಳಿಯುವ ಅಭ್ಯಾಸವನ್ನು ಯಾರೂ ಕಡೆಗಣಿಸಬಾರದು. ಏರುವಾಗ ದಣಿಯುವುದು ಉಸಿರು, ಇಳಿಯುವಾಗ ನೋಯುವುದು ಮೊಣಕಾಲು. ದಣಿದ ಕಾಲುಗಳು ಜಾರುವುದು ಹೆಚ್ಚಾಗಿ ಇಳಿಜಾರಿನಲ್ಲೇ. ಹೃದಯ, ಉಸಿರಾಟ ಅಥವಾ ರಕ್ತದೊತ್ತಡದ ತೊಂದರೆಯಿರುವವರೂ, ನಲ್ವತ್ತು ದಾಟಿ ಹೊಸದಾಗಿ ಹೊರಡುವವರೂ ವೈದ್ಯರ ಸಲಹೆ ಪಡೆಯುವುದು ಲೇಸು.

ನಡೆಯುವ ವೇಗಕ್ಕೆ ಸುಲಭವಾದ ಒಂದು ಪರೀಕ್ಷೆಯಿದೆ. ಏರುತ್ತಿರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾದರೆ ವೇಗ ಸರಿಯಾಗಿದೆಯೆಂದು ತಿಳಿಯಬೇಕು. ಮಾತು ನಡುವೆ ಕಡಿದುಹೋದರೆ ಹೆಜ್ಜೆಯನ್ನು ನಿಧಾನಗೊಳಿಸಬೇಕು.

ಯಾವ ಬೆಟ್ಟ ಮೊದಲು?

ಬೆಟ್ಟಗಳಿಗೂ ತರಗತಿಗಳಿವೆ. ದಕ್ಷಿಣ ಕನ್ನಡದವರಿಗೆ ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲು, ಅಂದರೆ ಜಮಲಾಬಾದ್ ಕೋಟೆ, ಒಳ್ಳೆಯ ಮೊದಲ ತರಗತಿ. ಟಿಪ್ಪು ಸುಲ್ತಾನನು 1794ರ ಸುಮಾರಿಗೆ ಕಟ್ಟಿಸಿದ ಈ ಕೋಟೆಗೆ ಬಂಡೆಯಲ್ಲಿ ಕಡಿದ 1,800ಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಹಾದಿ ತಪ್ಪುವ ಭಯವಿಲ್ಲ. ಅರ್ಧ ದಿನದಲ್ಲಿ ಹೋಗಿ ಬರಬಹುದು. ತನ್ನ ಉಸಿರು, ಮೊಣಕಾಲು, ಪಾದರಕ್ಷೆ ಈ ಮೂರೂ ಎಂತಹವು ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳು ಇದೇ ಕೆಲಸ ಮಾಡುತ್ತವೆ.

ಎರಡನೆಯ ತರಗತಿಗೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಕೊಡಗಿನ 1,748 ಮೀಟರ್ ಎತ್ತರದ ತಡಿಯಂಡಮೋಳ್ ಇವೆ. ಅನಂತರ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ. ಮುಳ್ಳೋಡಿಯಿಂದ ಹೊರಟು ಒಂಟಿಮರವನ್ನು ದಾಟಿ, ತೊರೆಗಳನ್ನೂ ಶೋಲಾ ಕಾಡುಗಳನ್ನೂ ಹುಲ್ಲುಗಾವಲುಗಳನ್ನೂ ಹಾದು ಹೋಗಿಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. 1,712 ಮೀಟರ್ ಎತ್ತರದ ಕುಮಾರಪರ್ವತವು ಎತ್ತರದಲ್ಲಿ ಕುದುರೆಮುಖಕ್ಕಿಂತ ಕಡಿಮೆಯಾದರೂ ಏರಿಕೆಯಲ್ಲಿ ಹೆಚ್ಚಿನದು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವರು ಬಹುಮಟ್ಟಿಗೆ ಬುಡದಿಂದಲೇ, ಅಂದರೆ ಸುಮಾರು 1,600 ಮೀಟರ್‌ಗಳಷ್ಟು ಮೇಲೇರಬೇಕಾಗುತ್ತದೆ. ಶಿಖರದ ಎತ್ತರವನ್ನು ಕೇಳಿ ಬೆಟ್ಟವನ್ನು ಅಳೆಯಬಾರದು, ಎಲ್ಲಿಂದ ಏರಬೇಕು ಎಂಬುದನ್ನು ಕೇಳಿ ಅಳೆಯಬೇಕು.

ಈ ಬೆಟ್ಟಗಳಲ್ಲಿ ಹೆಚ್ಚಿನವು ರಾಷ್ಟ್ರೀಯ ಉದ್ಯಾನ ಅಥವಾ ವನ್ಯಧಾಮಗಳ ಒಳಗಿವೆ. ಅರಣ್ಯ ಇಲಾಖೆಯ ಮುಂಗಡ ಅನುಮತಿಯಿಲ್ಲದೆ ಹೊರಡಬಾರದು. ಮಳೆಗಾಲದಲ್ಲಿಯೂ ಕಾಡ್ಗಿಚ್ಚಿನ ಬೇಸಗೆಯಲ್ಲಿಯೂ ಇಲಾಖೆಯು ಹಲವು ಹಾದಿಗಳನ್ನು ಮುಚ್ಚುವುದುಂಟು. ಆ ನಿಷೇಧವನ್ನು ಕಿರುಕುಳವೆಂದು ಬಗೆಯುವವರು 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದುದನ್ನು ನೆನೆಯಬೇಕು. ಒಣಹುಲ್ಲಿನ ನಡುವೆ ಕಾಡ್ಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಲವರು ಎಳೆಯ ವಯಸ್ಸಿನವರು.

ವೇಳೆಯ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು. ನಡೆಯುವ ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರ್‌ಗೆ ಮತ್ತೊಂದು ಗಂಟೆ ಎಂಬುದು ಅದರ ಸಾರ. ಕುದುರೆಮುಖಕ್ಕೆ ಇದನ್ನು ಅನ್ವಯಿಸಿ ನೋಡೋಣ. ಒಂದು ಕಡೆಯ 10 ಕಿಲೋಮೀಟರ್‌ಗೆ 2 ಗಂಟೆ. ಸುಮಾರು 900 ಮೀಟರ್ ಏರಿಕೆಗೆ ಒಂದೂವರೆ ಗಂಟೆ. ಒಟ್ಟು ಮೂರೂವರೆ ಗಂಟೆ. ಆದರೆ ಇದು ಪಳಗಿದವರ ಲೆಕ್ಕ. ಹೊಸಬರು ಇದರ ಒಂದೂವರೆ ಪಟ್ಟು, ಅಂದರೆ ಐದು ಗಂಟೆಗೂ ಮಿಕ್ಕಿದ ಸಮಯವನ್ನು ಇಟ್ಟುಕೊಳ್ಳಬೇಕು. ಬೆಳಿಗ್ಗೆ ಆರೂವರೆಗೆ ಹೊರಟವರು ಹನ್ನೆರಡರ ಹೊತ್ತಿಗೆ ಶಿಖರ ಸೇರಿ, ಊಟ ಮುಗಿಸಿ ಇಳಿದರೆ ಸಂಜೆ ಐದರೊಳಗೆ ಬುಡದಲ್ಲಿರುತ್ತಾರೆ. ಒಂಬತ್ತು ಗಂಟೆಗೆ ಉಪಾಹಾರ ಮುಗಿಸಿ ಹೊರಟವರು ಕತ್ತಲೆಯನ್ನು ತಾವೇ ಆಹ್ವಾನಿಸಿದಂತೆ. ಡಿಸೆಂಬರಿನಲ್ಲಿ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗುತ್ತದೆ.

ಈ ಲೆಕ್ಕದಿಂದ ಒಂದು ಕಟ್ಟಳೆ ಹುಟ್ಟುತ್ತದೆ. ಹೊರಡುವ ಮೊದಲೇ, ಮನೆಯಲ್ಲಿ ಕುಳಿತು, ಶಾಂತವಾದ ಮನಸ್ಸಿನಿಂದ 'ಮರಳುವ ವೇಳೆ'ಯನ್ನು ನಿಶ್ಚಯಿಸಬೇಕು. ಶಿಖರ ಎದುರಿಗೇ ಕಾಣುತ್ತಿದ್ದರೂ ಆ ವೇಳೆ ಬಂದೊಡನೆ ಹಿಂದಿರುಗಬೇಕು. ಶಿಖರವನ್ನು ಕಂಡ ಕಣ್ಣು ನ್ಯಾಯವಾಗಿ ತೀರ್ಪು ಕೊಡಲಾರದು. ಆದುದರಿಂದ ತೀರ್ಪು ಮೊದಲೇ ಆಗಿರಬೇಕು.

ಬೆನ್ನಿನ ಹೊರೆ

ಒಂದು ದಿನದ ಚಾರಣಕ್ಕೆ ಚೀಲದ ಭಾರವು ದೇಹತೂಕದ ಹತ್ತನೆಯ ಒಂದು ಪಾಲನ್ನೂ, ರಾತ್ರಿ ತಂಗುವ ಚಾರಣಕ್ಕೆ ಐದನೆಯ ಒಂದು ಪಾಲನ್ನೂ ಮೀರದಿರುವುದು ಒಳ್ಳೆಯದು. 60 ಕಿಲೋ ತೂಗುವವರಿಗೆ ಇದು ಕ್ರಮವಾಗಿ 6 ಮತ್ತು 12 ಕಿಲೋ. ಅಂದಾಜು ಬೇಡ, ತಕ್ಕಡಿಯಲ್ಲಿ ಇಟ್ಟು ನೋಡಿ. ಮೂರು ಲೀಟರ್ ನೀರೇ ಮೂರು ಕಿಲೋ ತೂಗುತ್ತದೆ. ಬೇಸಗೆಯ ಬಿಸಿಲಿನಲ್ಲಿ ಅದಕ್ಕಿಂತ ಕಡಿಮೆ ನೀರಿನೊಂದಿಗೆ ಹೊರಡುವಂತಿಲ್ಲ. ಹಾಗಾದರೆ ಉಳಿದ ಮೂರು ಕಿಲೋದಲ್ಲಿ ಏನೇನಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ಬೇಕು ಮತ್ತು ಬೇಡಗಳ ವಿವೇಕ ತಾನಾಗಿಯೇ ಮೂಡುತ್ತದೆ.

ಬೇಕಾದವು ಇವು: ಮಳೆಯಂಗಿ, ಒಂದು ಬೆಚ್ಚನೆಯ ಅಂಗಿ, ಒಂದು ಜೊತೆ ಒಣ ಕಾಲುಚೀಲ, ಟಾರ್ಚ್, ಸೀಟಿ, ಬೆಂಕಿಪೆಟ್ಟಿಗೆ, ಸಣ್ಣ ಚೂರಿ, ಬ್ಯಾಂಡೇಜು, ನಂಜುನಿರೋಧಕ ಮುಲಾಮು, ನಿತ್ಯದ ಔಷಧಿ, ಒಂದು ಹೊತ್ತಿಗೆ ಬೇಕಾದುದಕ್ಕಿಂತ ತುಸು ಹೆಚ್ಚು ಆಹಾರ. ಚಪಾತಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ನೆಲಗಡಲೆ, ಬೆಲ್ಲ ಇವಕ್ಕಿಂತ ಉತ್ತಮವಾದುದನ್ನು ಅಂಗಡಿಯಲ್ಲಿ ಕೊಳ್ಳಬೇಕಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಬೆರೆಸಿದ ಪಾನೀಯವು ಬಿಸಿಲಿಗೆ ಬಸವಳಿದವರಿಗೆ ಆಸರೆಯಾಗುತ್ತದೆ. ಇಲ್ಲಿ ಚಮಚವೆಂದರೆ ಚಹಾ ಚಮಚ.

ಪಾದರಕ್ಷೆ ಹೊಸದಾಗಿರಬಾರದು. ಚಾರಣದ ದಿನವೇ ಹೊಸ ಬೂಟು ತೊಟ್ಟವರಿಗೆ ಬೊಕ್ಕೆಗಳು ಖಚಿತ. ಅಡಿಭಾಗದಲ್ಲಿ ಆಳವಾದ ಗೀರುಗಳಿರುವ, ಇಳಿಯುವಾಗ ಬೆರಳಿನ ತುದಿ ಮುಂದಕ್ಕೆ ಒತ್ತದಷ್ಟು ಸಡಿಲವಾದ ಬೂಟನ್ನು ಕನಿಷ್ಠ ಎರಡು ವಾರ ತೊಟ್ಟು ಪಳಗಿಸಬೇಕು. ಬೊಕ್ಕೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಆಗಲೇ ನಿಂತು ಪಟ್ಟಿ ಅಂಟಿಸಿಕೊಂಡರೆ ಐದು ನಿಮಿಷದ ಕೆಲಸ, ಮುಂದಕ್ಕೆ ತಳ್ಳಿದರೆ ಇಡೀ ದಿನದ ನೋವು.

ಡೇರೆ, ಮಲಗುಚೀಲಗಳೊಡನೆ ರಾತ್ರಿ ತಂಗುವ ಚಾರಣವನ್ನು ಮೂರು ನಾಲ್ಕು ಒಂದು ದಿನದ ನಡಿಗೆಗಳ ಬಳಿಕ, ಅನುಮತಿಯಿರುವ ಸ್ಥಳಗಳಲ್ಲಿ ಮಾತ್ರ, ಕೈಗೊಳ್ಳಬೇಕು. ದೊಡ್ಡ ಚೀಲದ ಭಾರವು ಹೆಗಲಿನ ಮೇಲಲ್ಲ, ಸೊಂಟಪಟ್ಟಿಯ ಮೂಲಕ ಸೊಂಟದ ಎಲುಬಿನ ಮೇಲೆ ಕೂರಬೇಕು. ಭಾರವಾದ ವಸ್ತುಗಳು ಬೆನ್ನಿಗೆ ತಾಗಿ ನಡುಭಾಗದಲ್ಲಿರಬೇಕು. ಇಬ್ಬರಿಗೆ ಒಂದು ಡೇರೆಯಾದರೆ ಒಬ್ಬರು ಬಟ್ಟೆಯನ್ನೂ ಇನ್ನೊಬ್ಬರು ಕೋಲುಗಳನ್ನೂ ಹೊತ್ತು ಭಾರವನ್ನು ಹಂಚಿಕೊಳ್ಳಲಿ. ಆರಂಭದಲ್ಲಿ ಇವೆಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ, ಬಾಡಿಗೆಗೂ ದೊರೆಯುತ್ತವೆ.

ಒಡನಾಡಿಗಳ ಆಯ್ಕೆ

ಇಟಲಿಯ ಕವಿ ಪೆಟ್ರಾರ್ಕನು 1336ರ ಏಪ್ರಿಲ್ 26ರಂದು ದಕ್ಷಿಣ ಫ್ರಾನ್ಸಿನ ಮೋಂ ವಾಂತೂ ಎಂಬ ಬೆಟ್ಟವನ್ನು ಏರಿದನು. ಅದರ ಎತ್ತರ ಸುಮಾರು 1,910 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಅವನು ಬರೆದ ಪತ್ರದಲ್ಲಿ ಹೊಸ ಚಾರಣಿಗರಿಗೆ ಅತ್ಯಂತ ಉಪಯುಕ್ತವಾದ ಭಾಗವೆಂದರೆ ಒಡನಾಡಿಯನ್ನು ಆರಿಸಲು ಅವನು ಪಟ್ಟ ಪಾಡು. ಗೆಳೆಯರನ್ನು ಒಬ್ಬೊಬ್ಬರನ್ನಾಗಿ ತೂಗಿ ನೋಡಿ, ಒಬ್ಬನು ತೀರ ನಿಧಾನ, ಮತ್ತೊಬ್ಬನು ತೀರ ಆತುರ ಎಂದು ಬಿಡುತ್ತಾ ಬಂದು, ಕೊನೆಗೆ ತನ್ನ ತಮ್ಮನನ್ನೇ ಕರೆದೊಯ್ಯುತ್ತಾನೆ. ಊರಿನಲ್ಲಿ ಸಹಿಸಬಹುದಾದ ದೋಷಗಳು ಬೆಟ್ಟದ ಮೇಲೆ ಅಸಹನೀಯವಾಗುತ್ತವೆ ಎಂಬುದನ್ನು ಅವನು ಬಲ್ಲವನಾಗಿದ್ದನು. ಏರುವಾಗ ತಮ್ಮನು ನೇರವಾದ ಕಡಿದಾದ ಹಾದಿಯನ್ನು ಹಿಡಿದರೆ, ಅಣ್ಣನು ಸುಲಭದ ದಾರಿಯನ್ನು ಅರಸುತ್ತಾ ಕಣಿವೆಗಳಲ್ಲಿ ಅಲೆದು ಇಮ್ಮಡಿ ದಣಿದನು. ಅಡ್ಡದಾರಿಯ ಮೋಹವು ಇಂದಿನ ಚಾರಣಿಗರಿಗೆ ಮಾತ್ರ ಹುಟ್ಟಿದುದಲ್ಲ.

ಮೊದಲ ಚಾರಣಕ್ಕೆ ನಾಲ್ವರಿಂದ ಎಂಟು ಮಂದಿಯ ತಂಡ ಸೂಕ್ತ. ಹಾದಿ ಬಲ್ಲ ಸ್ಥಳೀಯ ಮಾರ್ಗದರ್ಶಿಯೊಬ್ಬರು ಇರಲೇಬೇಕು. ಅವರಿಗೆ ಕೊಡುವ ಸಂಭಾವನೆ ಬೆಟ್ಟದ ಬುಡದ ಒಂದು ಮನೆಯ ಒಲೆಯನ್ನು ಉರಿಸುತ್ತದೆ. ಮುಂದೆ ಒಬ್ಬ ಅನುಭವಿ, ಕೊನೆಯಲ್ಲಿ ಇನ್ನೊಬ್ಬ ಅನುಭವಿ. ಇವರಿಬ್ಬರ ನಡುವೆ ಉಳಿದವರೆಲ್ಲರೂ ಇರಲಿ. ತಂಡದ ವೇಗವನ್ನು ನಿರ್ಧರಿಸುವವರು ಅತ್ಯಂತ ನಿಧಾನವಾಗಿ ನಡೆಯುವವರು. ಮುಂದೆ ಓಡಿದವರು ಕಾದು ಕುಳಿತು, ಹಿಂದಿನವರು ತಲುಪುತ್ತಲೇ ಎದ್ದು ಹೊರಟರೆ, ವಿಶ್ರಾಂತಿ ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ. ಇದು ಸಣ್ಣ ಸಂಗತಿಯಂತೆ ತೋರಿದರೂ ಒಂದು ಸಮುದಾಯದ ಗುಣವನ್ನು ಇದರಿಂದಲೇ ತಿಳಿಯಬಹುದು.

ತಂದೆತಾಯಂದಿರಿಗೆ ಒಂದು ಮಾತು. ಮಕ್ಕಳು ಹೊರಡುವುದನ್ನು ತಡೆಯಬೇಡಿ. ಆದರೆ ಯಾವ ಬೆಟ್ಟ, ಯಾವ ಹಾದಿ, ಯಾರ ಜೊತೆ, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿ. ಘಟ್ಟದ ಹಲವೆಡೆ ಮೊಬೈಲು ಸಂಪರ್ಕ ಸಿಗದು. ಆಗ ಆ ಕಾಗದವೇ ಹುಡುಕುವವರಿಗೆ ದಾರಿ ತೋರಿಸುತ್ತದೆ.

ಕಾಡಿನ ಶಿಸ್ತು

ಇಂಬಳಗಳ ಬಗ್ಗೆ ಹೊಸಬರಿಗೆ ಇರುವ ಭಯ ಅನಗತ್ಯ. ಉಪ್ಪು ತಾಗಿಸಿದರೆ ಅವು ಬಿಡುತ್ತವೆ. ಅವುಗಳ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೆ. ನಿಜವಾಗಿ ಎಚ್ಚರ ಬೇಕಾದುದು ಉಣ್ಣೆಗಳ ಬಗ್ಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಚಾರಣದ ಋತುವಿನಲ್ಲೇ, ಅದರ ಹಾವಳಿ ಹೆಚ್ಚು. ಪೂರ್ಣ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಉದ್ದನೆಯ ಪ್ಯಾಂಟು, ಮರಳಿದ ಕೂಡಲೇ ಸ್ನಾನ ಮತ್ತು ಮೈಯ ಪರಿಶೀಲನೆ ಅವಶ್ಯ. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಲೇಬೇಕು.

ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಚೀಪುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಬೇಗನೆ ಆಸ್ಪತ್ರೆ ಸೇರಿಸಬೇಕು. ಹೆಜ್ಜೇನು ಇರುವಲ್ಲಿ ಗದ್ದಲ ಹಾಗೂ ಹೊಗೆ ಸಲ್ಲವು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದೊಡನೆ ಬೋಳು ದಿಣ್ಣೆಯಿಂದ ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ತೊರೆ ಉಕ್ಕಿದ್ದರೆ ದಾಟುವ ಸಾಹಸ ಬೇಡ.

ದಾರಿ ತಪ್ಪಿದರೆ ಏನು ಮಾಡಬೇಕು? ಶಿವರಾಮ ಕಾರಂತರ 1943ರ ಕಾದಂಬರಿ 'ಬೆಟ್ಟದ ಜೀವ'ದಲ್ಲಿ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನಿಗೆ ವೃದ್ಧ ದಂಪತಿಗಳ ಮನೆಯ ಆಸರೆ ದೊರೆಯುತ್ತದೆ. ಎಲ್ಲರಿಗೂ ಅಂತಹ ಭಾಗ್ಯ ಒದಗದು. ತಪ್ಪಿದೆವೆಂದು ತಿಳಿದ ಕ್ಷಣವೇ ನಿಲ್ಲಬೇಕು. ನೀರು ಕುಡಿದು, ಯೋಚಿಸಿ, ಖಚಿತವಾಗಿ ಗೊತ್ತಿರುವ ಕೊನೆಯ ಸ್ಥಳಕ್ಕೆ ಹಿಂದಿರುಗಬೇಕು. ಅದು ಆಗದಿದ್ದರೆ ಇದ್ದಲ್ಲೇ ಇದ್ದು ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಇದು ಪರ್ವತ ಪ್ರದೇಶಗಳಲ್ಲಿ ಅಂಗೀಕೃತವಾದ ಅಪಾಯದ ಸಂಕೇತ. ತೊರೆಯ ಜಾಡು ಹಿಡಿದರೆ ಊರು ಸಿಗುತ್ತದೆಂಬ ನಂಬಿಕೆ ಘಟ್ಟದಲ್ಲಿ ಅಪಾಯಕಾರಿ, ಏಕೆಂದರೆ ಇಲ್ಲಿನ ತೊರೆಗಳು ಊರನ್ನು ತಲುಪುವ ಮೊದಲು ಜಲಪಾತಗಳಾಗಿ ಧುಮುಕುತ್ತವೆ.

ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಬೇಕು, ಹುಲ್ಲುಗಾವಲಿನಲ್ಲಿ ಬೆಂಕಿ ಹಚ್ಚಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಾವು ಕುಡಿಯುವ ನೇತ್ರಾವತಿಯ ನೀರು ಅದೇ ಹುಲ್ಲಿನ ಬೇರುಗಳಿಂದ, ಅದೇ ಶೋಲಾ ಕಾಡುಗಳಿಂದ ಒಸರಿ ಬರುತ್ತದೆ.

ಮರಳುವ ಧೈರ್ಯ

ಹನ್ನೊಂದನೆಯ ಪಯಸ್ ಎಂಬ ಹೆಸರಿನಿಂದ 1922ರಲ್ಲಿ ಜಗದ್ಗುರುಗಳಾದ ಅಕಿಲ್ಲೆ ರಾತ್ತಿಯವರು ಯೌವನದಲ್ಲಿ ಆಲ್ಪ್ಸ್ ಪರ್ವತಗಳ ಪಳಗಿದ ಆರೋಹಿಯಾಗಿದ್ದರು. 1889ರಲ್ಲಿ ಮೋಂಟೆ ರೋಸಾ ಶಿಖರವನ್ನು ಏರಿದಾಗ ಅವರಿಗೆ ಸಂಜೆಯಾಯಿತು. ಕತ್ತಲೆಯಲ್ಲಿ ಇಳಿಯುವ ದುಸ್ಸಾಹಸಕ್ಕೆ ಕೈಹಾಕದೆ ಅವರೂ ಸಂಗಡಿಗರೂ ಇಕ್ಕಟ್ಟಾದ ಬಂಡೆಯ ಅಂಚಿನಲ್ಲಿ, ಕೊರೆಯುವ ಚಳಿಯಲ್ಲಿ, ಇಡೀ ರಾತ್ರಿ ಎಚ್ಚರವಿದ್ದು ಬೆಳಗನ್ನು ಕಾದರು. ಆ ತಾಳ್ಮೆಯೇ ನಿಜವಾದ ಪರ್ವತಾರೋಹಣ. ಧೈರ್ಯವೆಂಬುದು ಹೇಡಿತನಕ್ಕೂ ದುಡುಕಿಗೂ ನಡುವೆ ಇರುವಂಥದು ಎಂದು ಅರಿಸ್ಟಾಟಲನು ಹೇಳಿದ್ದು ಇದನ್ನೇ.

ಆದರೆ ವಿವೇಕವಿದ್ದವರನ್ನೂ ಬೆಟ್ಟ ಕೆಲವೊಮ್ಮೆ ಬಿಡುವುದಿಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಲುಕಿ, ಕರ್ನಾಟಕದಿಂದ ತೆರಳಿದ್ದ ತಂಡದ 9 ಮಂದಿ ಮೃತಪಟ್ಟರು. ಅವರಲ್ಲಿ ವರ್ಷಗಳ ಅನುಭವವಿದ್ದವರೂ ಇದ್ದರು. ಅವರನ್ನು ದೂಷಿಸುವ ಅಧಿಕಾರ ನಮಗಾರಿಗೂ ಇಲ್ಲ. ಪ್ರಕೃತಿಯು ಅನುಭವಿಗಳಿಗೂ ರಿಯಾಯಿತಿ ತೋರುವುದಿಲ್ಲವಾದರೆ ಹೊಸಬರು ಎಷ್ಟು ನಮ್ರರಾಗಿರಬೇಕು ಎಂಬುದನ್ನಷ್ಟೇ ನಾವು ಕಲಿಯಬೇಕು. ಒದ್ದೆಬಟ್ಟೆ ಮತ್ತು ಬಿರುಗಾಳಿ ಸೇರಿದರೆ ನಮ್ಮ ಘಟ್ಟದಲ್ಲಿಯೂ ಮೈ ಅಪಾಯಕರವಾಗಿ ತಣ್ಣಗಾಗಬಲ್ಲದು. ನಡುಕ, ತೊದಲುಮಾತು, ತಡವರಿಸುವ ಹೆಜ್ಜೆ ಕಂಡ ಕೂಡಲೇ ಗಾಳಿಯಿಂದ ಮರೆಗೆ ಕರೆತಂದು, ಒಣಬಟ್ಟೆ ತೊಡಿಸಿ, ಬಿಸಿಯಾದ ಸಿಹಿ ಪಾನೀಯ ಕೊಟ್ಟು ಇಳಿಸಲು ಏರ್ಪಾಡು ಮಾಡಬೇಕು. ಚೀಲದಲ್ಲಿ ಬೆಚ್ಚನೆಯ ಅಂಗಿಯನ್ನು ಇರಿಸಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಶಿಖರ ತಲುಪುವುದು ಚಾರಣದ ಅರ್ಧಭಾಗ ಮಾತ್ರ. ಹೋದವರೆಲ್ಲರೂ ಹೋದಂತೆಯೇ ಮನೆಗೆ ಮರಳಿದಾಗ ಅದು ಪೂರ್ಣವಾಗುತ್ತದೆ. ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹಾಗಾಗಿ ನೂರು ಗಜ ದೂರದಲ್ಲಿ ಶಿಖರವನ್ನು ಬಿಟ್ಟು ತಂಡವನ್ನು ಇಳಿಸಿದ ನಾಯಕನನ್ನು ಊರಿಗೆ ಬಂದ ಮೇಲೆ ಯಾರೂ ಗೇಲಿ ಮಾಡದಿರಲಿ. ಯುವಜನರೇ, ಬರುವ ಭಾನುವಾರ ಸಂಜೆ ನಿಮ್ಮ ಊರಿನ ಗುಡ್ಡವನ್ನೇ ಒಮ್ಮೆ ಏರಿ ಇಳಿಯಿರಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ನಿಮ್ಮ ಚಾರಣ ಅಲ್ಲಿಂದ ಆರಂಭವಾಗಲಿ.